ಅಜ್ಜನ ಕೋವಿ ಪೂಜೆಗಿಡುವ ಮೊದಲು

ಮಸ್ಕತ್
ಆಗಸ್ಟ್ 14

ಪ್ರೀತಿಯ ತಮ್ಮಾ,

ಸೆಪ್ಟೆಂಬರ್ 3ರ ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಅಜ್ಜನ ಜೋಡುನಳಿಗೆ ಕೋವಿಯನ್ನು ದೇವರ ಕೋಣೆ ಕನ್ನಿಕೋಂಬರೆಯಲ್ಲಿ ಇಡುವವನು ಈ ಸಲ ನೀನೇ. ಹಿಂದಿನ ದಿನ ಒರೆಸಿದರೆ ಸಾಲದು. ಅಜ್ಜ ತೀರಿಕೊಂಡ ದಿನ ಎರಡು ಗುಂಡು ಹಾರಿಸಿದ ಮೇಲೆ ಅದನ್ನು ಯಾರೂ ಬಿಚ್ಚಿಲ್ಲ ಅಂದಳು ಅಮ್ಮ. ನಳಿಗೆಯೊಳಗಿನ ಮದ್ದಿನ ಮಸಿ ನಮ್ಮೂರ ಮಳೆಗಾಲದ ತೇವವನ್ನೆಲ್ಲ ಹೀರಿಟ್ಟುಕೊಂಡಿರುತ್ತದೆ. ಈಗಲೇ ಕೂತುಕೋ.

ಮೊದಲು ಕೋವಿ ಮಡಚಿ ತೋಟಾ ಕೂರುವ ಎರಡೂ ಜಾಗಕ್ಕೆ ಬೆರಳು ಹಾಕಿ ನೋಡು. ಅಜ್ಜ ಕಣ್ಣನ್ನು ನಂಬುತ್ತಿರಲಿಲ್ಲ, ಬೆರಳನ್ನೇ ನಂಬುತ್ತಿದ್ದರು. ಮುಂದಿನ ಮರದ ತುಂಡು ಕಳಚಿ, ನಳಿಗೆ ಬೇರೆ ಮಾಡಿ, ಕಿಟಕಿ ಬೆಳಕಿಗೆ ಹಿಡಿ. ಮೂಲೆಯಲ್ಲಿ ನಿಂತ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟುವುದುಂಟು. ಅದು ಗೊತ್ತಿಲ್ಲದೆ ಹೊಡೆದರೆ ನಳಿಗೆ ಸೀಳುತ್ತದೆ, ಎಡಗೈ ಇರುವುದು ಅಲ್ಲೇ.

12 ಬೋರಿನ ಕಂಚಿನ ಬ್ರಷ್ಷನ್ನು ತೋಟಾ ಹಾಕುವ ಕಡೆಯಿಂದ ನೂಕಿ ಬಾಯಿಯಲ್ಲಿ ಹೊರಗೆ ತೆಗೆ, ನಡುವೆ ಹಿಂದಕ್ಕೆ ಎಳೆಯಬೇಡ. ಹತ್ತು ಸಲ ಸಾಕು. ಆಮೇಲೆ ಹಳೇ ಪಂಚೆಯ ಚೂರು, ಅದು ಬೆಳ್ಳಗೆ ಬರುವವರೆಗೆ. ಬ್ರಷ್ಷಿಗೆ ಹೋದ ಕಪ್ಪು ಮಸಿ, ಹೋಗದೆ ಉಳಿದದ್ದು ತುಕ್ಕು ತಿಂದ ಗುಳಿ. ಒಳಗೆ ಉಂಗುರದಂಥ ನೆರಳು ಕಂಡರೆ ನಳಿಗೆ ಉಬ್ಬಿದೆ ಎಂದರ್ಥ, ಕೋವಿ ರಿಪೇರಿಯವನಿಗೆ ತೋರಿಸದೆ ಹೊಡೆಯಬೇಡ. ಕೊನೆಗೆ ಕೋವಿ ಎಣ್ಣೆ ಮೂರೇ ಹನಿ. ತೆಂಗಿನೆಣ್ಣೆ ಬೇಡವೇ ಬೇಡ, ಅಂಟಾಗಿ ಹೊಡೆಯುವ ಮೊಳೆಯನ್ನೇ ಹಿಡಿದುಕೊಳ್ಳುತ್ತದೆ. ಎರಡು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸು, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಯ ಮರ ಮೆತ್ತಗಾಗುತ್ತದೆ.

ಪೂಜೆಯ ದಿನ ಗಂಧವನ್ನು ಮರಕ್ಕೆ ಹಚ್ಚು, ಕಬ್ಬಿಣಕ್ಕಲ್ಲ. ಒಂದು ರಾತ್ರಿ ಒದ್ದೆ ಗಂಧ ಇದ್ದರೆ ಬೆಳಗ್ಗೆ ಅದರಡಿ ಕೆಂಪು ಕಲೆ. ತೋಕ್‌ಪೂ, ಅಂದರೆ ಅಗ್ನಿಶಿಖೆ ಹೂವನ್ನು ಎಲ್ಲರೂ ನಳಿಗೆಯ ಬಾಯಿಗೇ ಸಿಕ್ಕಿಸುತ್ತಾರೆ, ಚೆನ್ನಾಗಿಯೂ ಕಾಣುತ್ತದೆ. ಆದರೆ ತೆಂಗಿನಕಾಯಿಗೆ ಗುರಿಯಿಡಲು ಹೋಗುವಾಗ ಹೂ ತೆಗೆದು, ತೊಟ್ಟು ಒಳಗೆ ಮುರಿದಿಲ್ಲವೆಂದು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡು. (ಅದರ ಗಡ್ಡೆ ವಿಷ, ಮಕ್ಕಳ ಕೈಗೆ ಕೊಡಬೇಡ.)

ಡಬ್ಬಿಯಲ್ಲಿರುವ ಅಜ್ಜನ ಕಾಗದದ ತೋಟಾ ಮುಟ್ಟಬೇಡ, ತೇವಕ್ಕೆ ಊದಿ ಒಳಗೇ ಕಚ್ಚಿಕೊಳ್ಳುತ್ತವೆ. ಹೊಸದು ತರುವಾಗ ಅಳತೆ ನೋಡಿ ತಾ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವು 65 ಮಿಲಿಮೀಟರ್ ತೋಟಾದವು. 70ರದ್ದೂ ಸಲೀಸಾಗಿ ಒಳಗೆ ಹೋಗುತ್ತದೆ, ಮೋಸ ಇರುವುದೇ ಅಲ್ಲಿ: ಹೊಡೆದಾಗ ಅದರ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಜಾಗಕ್ಕೆ ಚಾಚಿ, ಒತ್ತಡ ಏರುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದೂ ಗುಂಡು ಹಾರದಿದ್ದರೆ ಅರ್ಧ ನಿಮಿಷ ಗುರಿಯ ಕಡೆಗೇ ಹಿಡಿದಿದ್ದು ಆಮೇಲೆ ಮಡಚು.

ಇನ್ನು ಕಾಗದಪತ್ರ. ನಮಗಿರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ ನಿಜ, ಆದರೆ ಮನೆಯಲ್ಲಿರುವ ಪತ್ರ ಅಜ್ಜನ ಹೆಸರಿನದು. ಮಡಿಕೇರಿಗೆ ಹೋಗಿ ನಿನ್ನ ಹೆಸರಿಗೆ ಮಾಡಿಸು. ನಳಿಗೆ ಕಳಚಿದಾಗ ಅಡಿಯಲ್ಲಿ ಕೊರೆದ ನಂಬರಿನ ಫೋಟೋ ತೆಗೆದು ಕಳಿಸು, ಪತ್ರದಲ್ಲಿರುವುದಕ್ಕೆ ತಾಳೆ ನೋಡೋಣ.

ನಿನ್ನ ಅಣ್ಣ