ಮೊದಲ ಗೈಡಿಗೆ ಎತ್ತರವೂ ಬೇಕು

ಸಂಪಾದಕರೇ,

ಮೀನು ಹಿಡಿಯುವ ಸ್ಪಿನ್ನಿಂಗ್ ರಾಡ್ ಕಟ್ಟುವ ಲೇಖನದಲ್ಲಿ, ದಾರ ಹಾಯುವ ಬಳೆಗಳಲ್ಲಿ ರೀಲಿಗೆ ಹತ್ತಿರದ್ದರ ಬಗ್ಗೆ ‘ಮೊದಲ ಗೈಡ್ ದೊಡ್ಡದಾದಷ್ಟೂ ಒಳ್ಳೆಯದು’ ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಬರುತ್ತದೆ. ಅದನ್ನು ಬೇಗ ಹಿಡಿತಕ್ಕೆ ತರಬೇಕು, ಅಲ್ವಾ? ಅದಕ್ಕೆ ಬಳೆಯ ಅಗಲದಷ್ಟೇ, ಅದನ್ನು ರಾಡಿನಿಂದ ಎತ್ತಿ ಹಿಡಿಯುವ ಕಾಲಿನ ಎತ್ತರವೂ ಮುಖ್ಯ. 2500 ಸೈಜಿನ ರೀಲು, ತೆಳು ಬ್ರೇಡ್ (ಹೆಣೆದ ದಾರ) ಇದ್ದರೆ ಎತ್ತರ ಕಾಲಿನ 20 ಅಥವಾ 25 ನಂಬರ್ (ಬಳೆಯ ಸೈಜು) ಗೈಡ್ ಸಾಕು. 40 ಹಾಕಿದರೆ ಸುಮ್ನೆ ಭಾರ ಜಾಸ್ತಿ.

ತುದಿಯಲ್ಲಿ ಮಾತ್ರ ತೀರಾ ಚಿಕ್ಕದಕ್ಕೆ ಆಸೆಪಡಬಾರದು. 5 ನಂಬರ್ ಹಗುರ, ರಾಡ್ ಚುರುಕಾಗುತ್ತದೆ ನಿಜ. ಆದರೆ ದಾರದ ಕೊನೆಗೆ ಕಟ್ಟುವ ದಪ್ಪ ತುಂಡು ದಾರದ, ಅಂದರೆ ಲೀಡರಿನ ಗಂಟು ಎಸೆಯುವಾಗ ಗೈಡಿಗೆ ಟಕ್ ಅಂತ ತಗಲಬಹುದು. ಗೈಡುಗಳನ್ನು ರಾಡಿಗೆ ನೂಲು ಸುತ್ತಿ ಕಟ್ಟುವ ಮೊದಲು ನಾನು ಅವನ್ನು ಟೇಪಿನಲ್ಲಿ ಅಂಟಿಸಿ, ಗಂಟು ಸಮೇತ ಎಸೆದು ನೋಡುತ್ತೇನೆ. ತಗಲಿದರೆ 6ಕ್ಕೆ ಏರಿಸುತ್ತೇನೆ. ಇದನ್ನೂ ದಯವಿಟ್ಟು ಪ್ರಕಟಿಸಿ.

– ರಾಡ್ ಕಟ್ಟುವ ಓದುಗ