ಕೋಣೆಗೆ ವರ್ಷ ತುಂಬಿತು, ಅಕ್ಕನಿಗೆ ಥ್ಯಾಂಕ್ಸ್ ಹೇಳಬೇಕು

ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಕಟ್ಟಿದ ನಮ್ಮ ಪುನರ್ವಸತಿ ಬಡಾವಣೆಯ ಮ್ಯೂಸಿಯಂ ಕೋಣೆಗೆ ವರ್ಷ ತುಂಬಿತು. ಜಾಗ ಕೊಟ್ಟ ಪಂಚಾಯಿತಿಗೆ, ಕಪಾಟು ಮಾಡಿದ ಆಚಾರಿಗೆ, ಚೀಟಿ ಬರೆದ ಮಕ್ಕಳಿಗೆ, ಕೊಡವರ ಒಡಿಕತ್ತಿ, ದುಡಿ ವಾದ್ಯ, ಹಳೇ ಫೋಟೊ ತಂದುಕೊಟ್ಟ ಮನೆಗಳಿಗೆಲ್ಲ ಒಟ್ಟಿಗೇ ನಮಸ್ಕಾರ. ಹೆಸರು ಹೇಳಲು ಹೋದರೆ ಯಾರನ್ನಾದರೂ ಬಿಟ್ಟು ಬೈಸಿಕೊಳ್ಳುತ್ತೇನೆ.

ಕೊನೇ ಸಾಲಿನ ಮನೆಯ ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಉದ್ಘಾಟನೆಯ ಹಿಂದಿನ ರಾತ್ರಿ ಕೋಣೆಯ ಚಾವಣಿ ಶೀಟು ಹಾರಿ ಫೋಟೊಗಳೆಲ್ಲ ನೆನೆದಿದ್ದು ನಿಮಗೆ ಗೊತ್ತೇ ಇದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ, ಕರೆಂಟಿಲ್ಲ. ಕೈಲಾದಷ್ಟು ಮಾಡಿ ಎಲ್ಲರೂ ಮನೆಗೆ ಹೋದರು. ಅಕ್ಕ ಹೋಗಲಿಲ್ಲ. ಸ್ಟುಡಿಯೋ ಹುಡುಗ ಫೋನಿನಲ್ಲಿ ಹೇಳಿಕೊಟ್ಟ ಹಾಗೆ, ಅಂಟಿಕೊಂಡಿದ್ದ ಫೋಟೊಗಳನ್ನು ಬಕೆಟ್ಟಿನ ತಣ್ಣೀರಿಗೆ ಬಿಟ್ಟು ಒಂದೊಂದಾಗಿ ಬಿಡಿಸಿದರು. ಮುಖ ಮೇಲೆ ಮಾಡಿ ಬಟ್ಟೆ ಮೇಲೆ ಹರಡಿದರು. ಒಲೆ ಹತ್ತಿರ ಇಡೋಣ ಅಂದಿದ್ದಕ್ಕೆ ನನ್ನನ್ನೇ ಗದರಿದರು, ಸುರುಟಿಹೋಗುತ್ತವೆ ಅಂತ. ಹಾಗೇ ಬಿಟ್ಟಿದ್ದರೆ ಎರಡೇ ದಿನಕ್ಕೆ ಬೂಷ್ಟು.

ಬೆಳಗಿನ ಜಾವ, ಸ್ವಲ್ಪ ಮಲಗಿ ಅಕ್ಕ ಅಂದೆ. "ಒಣಗಿಸೋಕೆ ನನ್ನ ಹತ್ರ ಒಂದೂ ಉಳಿದಿಲ್ಲ. ಇವಾದ್ರೂ ಉಳೀಲಿ" ಅಂದರು. 2018ರ ಆಗಸ್ಟಿನಲ್ಲಿ ಅವರ ಮನೆ ಗುಡ್ಡದ ಜೊತೆಗೇ ಜಾರಿಹೋಗಿತ್ತು. ಗಂಡನ ಮುಖ ಮೊಮ್ಮಗನಿಗೆ ತೋರಿಸಲು ಪಾಸ್‌ಪೋರ್ಟ್ ಸೈಜಿನದ್ದೂ ಇಲ್ಲ. ಆಮೇಲೆ ನನಗೆ ಕೈ ಓಡಲಿಲ್ಲ. ಇದನ್ನು ಬರೆಯುವಾಗಲೂ ಓಡುತ್ತಿಲ್ಲ.

ಮಳೆಗೆ ತಲೆ ಮೇಲೆ ಹೊದೆಯಲು ಅಕ್ಕನೇ ಹೆಣೆದ ಗೊರಗ ಈಗ ಒಡಿಕತ್ತಿಯ ಪಕ್ಕದಲ್ಲೇ ಇದೆ. ತೋಟದ ಮಾಲೀಕರ ಮನೆಯದ್ದೂ ಕೂಲಿಯವರ ಲೈನ್‌ಮನೆಯದ್ದೂ ಒಂದೇ ಕಪಾಟಿನಲ್ಲಿ. ಮಡಿಕೇರಿ ಕೋಟೆಯ ಹಳೇ ಚರ್ಚಿನಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಆರ್‌ಟಿಒ ಕಚೇರಿಯಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಲ್ಲಿ ಮ್ಯೂಸಿಯಂ ಆಯಿತು. ಹೆಮ್ಮೆಯೇ. ಆದರೆ ಗೊರಗಕ್ಕೂ ಎಲ್ಲಾದರೂ ಜಾಗ ಬೇಕಲ್ವಾ? 2022ರಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಮ್ಯೂಸಿಯಂಗಳ ಅಂತರರಾಷ್ಟ್ರೀಯ ಸಂಸ್ಥೆ ಐಕಾಮ್ ಕೂಡ, ಮ್ಯೂಸಿಯಂ ಎಲ್ಲರನ್ನೂ ಒಳಗೊಳ್ಳಬೇಕು, ಜನರೂ ಅದರಲ್ಲಿ ಪಾಲ್ಗೊಳ್ಳಬೇಕು ಅಂತ ಬರೆದುಕೊಂಡಿತು.

ಬೇರೆ ಬೇರೆ ಊರಿನವರನ್ನು ತಂದು ಒಂದೇ ಸಾಲಲ್ಲಿ ಕೂರಿಸಿದರೆ ನೆರೆಹೊರೆ ಆಗುವುದಿಲ್ಲ. ಮೊದಮೊದಲು ನಮ್ಮ ಮಾತೆಲ್ಲ ನೀರಿನ ಜಗಳವೇ. ಈಗ ಫೋಟೊ ಮುಂದೆ ನಿಂತು "ಇದು ನಿಮ್ಮ ಕಡೆ ಗದ್ದೆಯಾ?" ಅಂತ ಕೇಳುತ್ತಾರೆ. ಜಗಳ ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಜಗಳ ಆಡಿದವರು ಸಂಜೆಗೆ ಮಾತಾಡುತ್ತಾರೆ. ಇಂಥ ಬಡಾವಣೆ ಕಟ್ಟುವವರು ರಸ್ತೆ, ನೀರು, ಅಂಗನವಾಡಿ ಜೊತೆ ನಕ್ಷೆಯಲ್ಲೇ ಒಂದು ಕೋಣೆ ಬಿಡಲಿ. ಜಾಸ್ತಿ ಖರ್ಚಿಲ್ಲ.

ಭಾನುವಾರ ಬನ್ನಿ. ಕೀ ಅಕ್ಕನ ಹತ್ರ ಇರುತ್ತದೆ. ಮಧ್ಯಾಹ್ನ ಅವರು ಮಲಗುವ ಹೊತ್ತು, ಆಗ ಮಾತ್ರ ಬಾಗಿಲು ತಟ್ಟಬೇಡಿ.