ಕಬ್ಬಿನ ಸಭೆಯಲ್ಲಿ ರವದಿಯ ಮಾತೂ ಬರಲಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಮುಧೋಳ ತಾಲೂಕಿನವನು, ಘಟಪ್ರಭಾ ದಂಡೆಯ ಊರು. ನಾಲ್ಕು ಎಕರೆ ಕಬ್ಬು ಇದೆ. ಕಾರ್ಖಾನೆ ಶುರುವಾಗುವ ಹೊತ್ತಿಗೆ ತಾವು ರೈತರನ್ನೂ ಕಾರ್ಖಾನೆಯವರನ್ನೂ ಕೂರಿಸಿ ಸಭೆ ಮಾಡುತ್ತೀರಿ. ದರ, ತೂಕ, ಬಾಕಿ ಬಿಲ್ಲು ಎಲ್ಲದರ ಮಾತಾಗುತ್ತದೆ. ಈ ಸಲ ಅದೇ ಸಭೆಯಲ್ಲಿ ರವದಿಯ, ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಯ, ಮಾತನ್ನೂ ಎತ್ತಿ ಎಂದು ಕೇಳುವುದಕ್ಕೆ ಈ ಪತ್ರ.

ನನ್ನ ಮಗಳಿಗೆ ಏಳು ವರ್ಷ. ಅವಳಿಗೆ ದಮ್ಮು (ಆಸ್ತಮಾ) ಇದೆ. ಹೋದ ಡಿಸೆಂಬರಿನ ಒಂದು ಸಂಜೆ ಪಕ್ಕದ ಹೊಲದವರು ರವದಿಗೆ ಬೆಂಕಿ ಹಚ್ಚಿದರು. ಒಣ ಎಲೆ, ಅರ್ಧ ತಾಸಿನಲ್ಲಿ ಬೆಂಕಿ ಮುಗಿಯಿತು. ಹೊಗೆ ಮುಗಿಯಲಿಲ್ಲ. ಚಳಿಗಾಲದಲ್ಲಿ ಹೊತ್ತು ಮುಳುಗಿದ ಮೇಲೆ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅಲ್ಲೇ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ಕೂತುಬಿಡುತ್ತದೆ. ಹೊಗೆ ಊರಲ್ಲೇ ಮಲಗಿತು.

ರಾತ್ರಿ ಎರಡಕ್ಕೆ ಅವ್ವ ಎಬ್ಬಿಸಿದಳು. "ಕೂಸಿನ ಉಸುರು ಹಿಂಗ್ಯಾಕ ಎಳೀತೈತೊ?" ಮಗಳು ಎದ್ದು ಕೂತಿದ್ದಳು. ಎದೆಯೊಳಗೆ ಸುಂಯ್ ಸುಂಯ್ ಸದ್ದು, ಉಸಿರು ಎಳೆದಾಗೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. "ಅಪ್ಪಾ, ನೀರು" ಅನ್ನುವುದಕ್ಕೆ ಎರಡು ಸಲ ಉಸಿರು ತಗೊಂಡಳು. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆವು. ದಾರಿಯ ಎರಡೂ ಕಡೆ ಹೊಲಗಳಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

ಮದ್ದನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಚ್ಚಿದ ಮೇಲೆ ಉಸಿರು ತಿರುಗಿತು. ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ದಮ್ಮು ಇರುವ ಮಗುವಿನ ಉಸಿರಿನ ಕೊಳವೆಗಳು ಒಳಗೆ ಮೊದಲೇ ಬಾತುಕೊಂಡಿರುತ್ತವೆ. ಹೊಗೆ ತಾಗಿದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ, ದಾರಿ ಸಣ್ಣದಾಗುತ್ತದೆ. ಹೊಗೆಯಲ್ಲಿ ಪಿಎಂ 2.5 ಅನ್ನುವ ಕಣಗಳಿರುತ್ತವೆ, ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತನೆಯ ಒಂದು ಪಾಲಿಗಿಂತ ಸಣ್ಣ. ಮೂಗು ಅವನ್ನು ತಡೆಯುವುದಿಲ್ಲ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ಅದಕ್ಕೇ ಮೈತೂಕದ ಲೆಕ್ಕದಲ್ಲಿ ಅವರ ಪಾಲಿಗೆ ಜಾಸ್ತಿ ಹೋಗುತ್ತದೆ.

ಮನೆಯದನ್ನೂ ಕೇಳಿದರು. ಸೊಳ್ಳೆ ಕಾಯಿಲ್? ಕಟ್ಟಿಗೆ ಒಲೆ? ಬೀಡಿ? ಊದುಬತ್ತಿ? ನಾನು ಮೂರಕ್ಕೆ ಹೌದು ಎಂದೆ. ಈಗ ಕಾಯಿಲ್ ಇಲ್ಲ, ಸೊಳ್ಳೆ ಪರದೆ ಇದೆ. ನೀರು ಕಾಯಿಸುವ ಒಲೆ ಹಿತ್ತಲಿಗೆ ಹೋಯಿತು. ನೆಗಡಿಯಾದರೂ ದಮ್ಮು ಏಳುತ್ತದೆ, ಮಕ್ಕಳಲ್ಲಿ ಅದೇ ಜಾಸ್ತಿಯಂತೆ. ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಊರ ಮೇಲೆ ಬರುವ ಹೊಗೆಗೆ ಕಿಟಕಿ ಮುಚ್ಚುವುದು ಬಿಟ್ಟು ನಾನೇನು ಮಾಡಲಿ?

ಪಕ್ಕದ ಹೊಲದವರನ್ನು ಬೈಯಲು ನನಗೆ ಬಾಯಿಲ್ಲ. ಅದರ ಹಿಂದಿನ ವರ್ಷ ನಾನೇ ಹಚ್ಚಿದ್ದೆ. ಎಕರೆಗೆ ಮೂರು ನಾಲ್ಕು ಟನ್ ರವದಿ ಬೀಳುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕುಳೆ ಕಬ್ಬಿಗೆ ನೀರು ಬಿಡಬೇಕು, ಗೊಬ್ಬರ ಹಾಕಬೇಕು, ರವದಿ ಅಡ್ಡ. ಹಾವಿನ ಭಯ ಬೇರೆ. ಆಳಿನ ಕೂಲಿ ನೋಡಿದರೆ ಬೆಂಕಿಪೊಟ್ಟಣವೇ ಅಗ್ಗ. ಹಾಗಾಗಿ ಬರೀ ನಿಷೇಧದ ಆದೇಶ ಹೊರಡಿಸಬೇಡಿ ಸಾಹೇಬರೇ. ಹಗಲು ಹಚ್ಚುವವರು ರಾತ್ರಿ ಹಚ್ಚುತ್ತಾರೆ, ಅಷ್ಟೇ. ಮಕ್ಕಳಿಗೆ ಅದು ಇನ್ನೂ ಕೆಟ್ಟದ್ದು.

ಬೇಕಾಗಿರುವುದು ರವದಿ ಪುಡಿ ಮಾಡುವ ಯಂತ್ರ. ಪುಡಿಯಾದ ರವದಿ ಸಾಲಿನ ನಡುವೆ ಬಿದ್ದರೆ ತೇವ ಉಳಿಯುತ್ತದೆ, ಕಳೆ ಕಡಿಮೆ, ಕೊಳೆತು ಗೊಬ್ಬರವೂ ಆಗುತ್ತದೆ. ರೈತರಿಗೆ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಇದು ಕಟಾವಿನ ತಿಂಗಳುಗಳಲ್ಲಿ ಸಾಕಷ್ಟು ಇರಲಿ, ಬಾಡಿಗೆ ಕೈಗೆಟುಕಲಿ. ಖರ್ಚಿನಲ್ಲಿ ಕಾರ್ಖಾನೆಯವರೂ ಪಾಲು ಕೊಡಲಿ. ಕಬ್ಬು ಒಯ್ಯುವವರು ಅವರು, ರವದಿ ಮಾತ್ರ ನಮಗೆ ಅಂದರೆ ಹೇಗೆ, ಅಲ್ವಾ?

ಇನ್ನೊಂದು ಮಾತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೀಸನ್ನಿನುದ್ದಕ್ಕೂ ಉಸಿರಿನ ದಾರಿ ಬಿಡಿಸುವ ಸಾಲ್ಬುಟಮಾಲ್ ಪಂಪ್ (ಇನ್ಹೇಲರ್), ಜೊತೆಗೆ ಪಂಪಿಗೆ ಸೇರಿಸಿ ಮದ್ದು ಎಳೆದುಕೊಳ್ಳಲು ಮಕ್ಕಳಿಗೆ ಬೇಕಾಗುವ ಸ್ಪೇಸರ್ ಡಬ್ಬಿ ತಪ್ಪದೆ ಇರಲಿ. ಪಂಪ್ ಹಚ್ಚಿದರೆ ಚಟ ಹತ್ತುತ್ತದೆ ಎಂದು ನಮ್ಮ ಕಡೆ ಇನ್ನೂ ನಂಬುತ್ತಾರೆ. ನಾನೂ ನಂಬಿ ಆರು ತಿಂಗಳು ಸುಮ್ನೆ ಕೂತಿದ್ದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಚಟ ಹತ್ತುವುದಿಲ್ಲ ಎಂಬ ಇದೊಂದು ಮಾತು ಹೇಳಿದರೂ ಸಾಕು. ಕಟಾವಿನ ಗ್ಯಾಂಗಿನವರ ಗುಡಿಸಲಿಗೂ ಅವರು ಹೋಗಲಿ. ಹೊಲದ ಬದುವಿನಲ್ಲೇ ಅವರ ಕೂಸುಗಳು ಮಲಗುತ್ತವೆ. ಹೊಗೆ ನಮಗಿಂತ ಮೊದಲು ತಾಗುವುದು ಅವಕ್ಕೆ, ಮುಚ್ಚಿಕೊಳ್ಳಲು ಕಿಟಕಿಯೂ ಇಲ್ಲ.

ದಸರಾ ಆದ ಮೇಲೆ ಗ್ಯಾಂಗ್ ಬರುತ್ತದೆ. ಸಭೆ ಅದಕ್ಕೂ ಮೊದಲೇ ಇಟ್ಟರೆ ನಾನೂ ಬರುತ್ತೇನೆ, ಮಗಳ ಆಸ್ಪತ್ರೆ ಚೀಟಿಗಳನ್ನು ತರುತ್ತೇನೆ. ನನ್ನ ನಾಲ್ಕು ಎಕರೆಯ ರವದಿಗೆ ಈ ಸಲ ಬೆಂಕಿ ಇಲ್ಲ. ಯಂತ್ರ ಸಿಗದಿದ್ದರೆ ಮನೆಮಂದಿಯೆಲ್ಲ ಸೇರಿ ಕೈಯಿಂದಲೇ ಸಾಲಿಗೆ ಎಳೆಯುತ್ತೇವೆ.

ಇಂತಿ,
ಮುಧೋಳ ತಾಲೂಕಿನ ಒಬ್ಬ ಕಬ್ಬು ಬೆಳೆಗಾರ